ವೋಲ್ಟೇಜ್, ಕರೆಂಟ್ ಅಳೆದು ರೋಧ ಮತ್ತು ವ್ಯಾಟ್ ಲೆಕ್ಕ ಹಾಕುವುದು: ಗೀಸರ್‌ನಿಂದ ಪಂಪ್‌ಸೆಟ್‌ವರೆಗೆ

ಗೀಸರ್ ಮೇಲಿನ ಚೀಟಿಯಲ್ಲಿ 2000 ವ್ಯಾಟ್ ಎಂದು ಅಚ್ಚಾಗಿರುತ್ತದೆ. ಸಂಜೆ ವೋಲ್ಟೇಜ್ 200ಕ್ಕೆ ಇಳಿಯುವ ಊರಿನಲ್ಲಿ ಅದೇ ಗೀಸರ್ ಎಳೆಯುವುದು ಹೆಚ್ಚುಕಡಿಮೆ 1500 ವ್ಯಾಟ್ ಮಾತ್ರ. 15 ಲೀಟರ್ ನೀರು 25ರಿಂದ 55 ಡಿಗ್ರಿಗೆ ಏರಲು 16 ನಿಮಿಷ ಸಾಕಾಗಬೇಕಿದ್ದ ಕಡೆ 21 ನಿಮಿಷ ಹಿಡಿಯುತ್ತದೆ. ಕಾಯಿಲ್ (ನೀರು ಕಾಯಿಸುವ ಸುರುಳಿ) ಹೋಗಿದೆ ಎಂದು ಬದಲಾಯಿಸಿದರೂ ಫಲ ಅಷ್ಟೇ. ತಪ್ಪು ಕಾಯಿಲ್‌ನದೋ, ಲೈನಿನದೋ, ಪ್ಲಗ್ಗಿನದೋ ಎಂದು ತಿಳಿಯಲು ಎರಡು ಅಳತೆ ಮತ್ತು ಒಂದು ಭಾಗಾಕಾರ ಸಾಕು. ಆದರೆ ಆ ಎರಡನ್ನೂ ಉಪಕರಣ ಓಡುತ್ತಿರುವಾಗಲೇ ಅಳೆಯಬೇಕು. ಸ್ವಿಚ್ ಆರಿಸಿ ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ನೋಡಿದ ರೋಧವೂ (ಕರೆಂಟಿನ ಹರಿವಿಗಿರುವ ತಡೆ) ಕರೆಂಟ್ ಎಳೆಯುವಾಗಿನ ರೋಧವೂ ಎಷ್ಟೋ ಕಡೆ ಬೇರೆ ಬೇರೆ. ಮನೆ, ತೋಟಗಳ ಲೆಕ್ಕ ಬಹಳ ಸಲ ತಪ್ಪುವುದು ಇಲ್ಲಿಯೇ.

ಬೇಕಾದ ಸೂತ್ರಗಳು

ಮೂಲ ಸೂತ್ರಗಳು ಎರಡೇ.

ರೋಧ (ಓಮ್) = ವೋಲ್ಟೇಜ್ (ವೋಲ್ಟ್) ÷ ಕರೆಂಟ್ (ಆಂಪ್)
ಸಾಮರ್ಥ್ಯ (ವ್ಯಾಟ್) = ವೋಲ್ಟೇಜ್ × ಕರೆಂಟ್

ಮೊದಲನೆಯದು ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಇವೆರಡನ್ನು ಬೆರೆಸಿದರೆ ಇನ್ನೆರಡು ಹುಟ್ಟುತ್ತವೆ.

ಸಾಮರ್ಥ್ಯ = ಕರೆಂಟ್ × ಕರೆಂಟ್ × ರೋಧ
ಸಾಮರ್ಥ್ಯ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ಯಾವುದನ್ನು ಎಲ್ಲಿ ಬಳಸಬೇಕು ಎಂಬುದರಲ್ಲೇ ಜಾಣತನ ಇರುವುದು. ವೈರು, ಜಾಯಿಂಟು, ಪ್ಲಗ್ಗುಗಳಲ್ಲಿ ಪೋಲಾಗುವ ವ್ಯಾಟ್ ಬೇಕಿದ್ದರೆ ಕರೆಂಟಿನ ವರ್ಗ ಇರುವ ಸೂತ್ರ ಹಿಡಿಯಿರಿ. ಅಲ್ಲಿ ಹರಿಯುವ ಕರೆಂಟ್ ಗೊತ್ತಿರುತ್ತದೆ, ಅಡ್ಡಲಾಗಿ ಬೀಳುವ ವೋಲ್ಟೇಜ್ ಗೊತ್ತಿರುವುದಿಲ್ಲ. ಹೀಟರ್, ಇಸ್ತ್ರಿ ಪೆಟ್ಟಿಗೆಯಂಥವು ವೋಲ್ಟೇಜ್ ಏರಿಳಿದಾಗ ಹೇಗೆ ನಡೆದುಕೊಳ್ಳುತ್ತವೆ ಎಂದು ತಿಳಿಯಲು ವೋಲ್ಟೇಜಿನ ವರ್ಗ ಇರುವ ಸೂತ್ರ ಸರಿ. ವೋಲ್ಟೇಜ್ ಶೇ. 10 ಇಳಿದರೆ ಶಾಖ ಶೇ. 10 ಅಲ್ಲ, ಶೇ. 19 ಇಳಿಯುತ್ತದೆ, ಏಕೆಂದರೆ 0.9 × 0.9 = 0.81.

ಲೆಕ್ಕ ಕೆಡುವುದು ಹೆಚ್ಚಾಗಿ ಮಿಲಿ, ಕಿಲೋಗಳಲ್ಲಿ. ಮೀಟರ್ 12.2 ಮಿಲಿಆಂಪ್ ತೋರಿಸಿದರೆ ಸೂತ್ರಕ್ಕೆ ಹಾಕುವ ಮೊದಲು ಅದನ್ನು 0.0122 ಆಂಪ್ ಮಾಡಿಕೊಳ್ಳಿ. ಹಾಗೆ ಮಾಡದಿದ್ದರೆ ರೋಧ ಸಾವಿರ ಪಟ್ಟು ತಪ್ಪಾಗಿ ಬರುತ್ತದೆ.

ಮೊದಲು ಮೇಜಿನ ಮೇಲೆ, 12 ವೋಲ್ಟ್‌ನಲ್ಲಿ

ಮನೆಯ 230 ವೋಲ್ಟ್ ಲೈನಿಗೆ ಕೈ ಹಾಕುವ ಮುಂಚೆ ಅಡಾಪ್ಟರಿನಲ್ಲಿ ಕೈ ಪಳಗಿಸಿಕೊಳ್ಳಿ. 12 ವೋಲ್ಟ್ ಡಿಸಿ ಅಡಾಪ್ಟರ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಕಾಲು ವ್ಯಾಟಿನ 1000 ಓಮ್ ರೆಸಿಸ್ಟರ್ (ಕಂದು, ಕಪ್ಪು, ಕೆಂಪು, ಬಂಗಾರದ ಪಟ್ಟಿ ಇರುವುದು) ಮತ್ತು ಕ್ರೊಕೊಡೈಲ್ ಕ್ಲಿಪ್ ಇರುವ ನಾಲ್ಕು ವೈರು ಇದ್ದರಾಯಿತು.

ವೋಲ್ಟೇಜ್ ಅಳೆಯುವಾಗ ಮೀಟರನ್ನು ರೆಸಿಸ್ಟರಿಗೆ ಅಡ್ಡಲಾಗಿ, ಅಂದರೆ ಅದರ ಎರಡು ತುದಿಗಳಿಗೆ ಹಿಡಿಯಬೇಕು. ಸರ್ಕ್ಯೂಟ್ ಕಡಿಯುವ ಅಗತ್ಯವಿಲ್ಲ. ಕರೆಂಟ್ ಅಳೆಯುವಾಗ ಒಂದು ಕಡೆ ವೈರು ಬಿಚ್ಚಿ, ಆ ಬಿಟ್ಟ ಜಾಗದಲ್ಲಿ ಮೀಟರನ್ನು ಸರಣಿಯಲ್ಲಿ ಸೇರಿಸಬೇಕು. ಆಗ ರೆಸಿಸ್ಟರಿಗೆ ಹೋಗುವ ಕರೆಂಟೆಲ್ಲ ಮೀಟರಿನೊಳಗೆ ಹಾದೇ ಹೋಗುತ್ತದೆ. ವೋಲ್ಟೇಜ್ 12.1, ಕರೆಂಟ್ 12.2 ಮಿಲಿಆಂಪ್ ಬಂತೆನ್ನಿ. ರೋಧ 12.1 ÷ 0.0122 = 992 ಓಮ್. ಬಂಗಾರದ ಪಟ್ಟಿ ಎಂದರೆ ಶೇ. 5ರ ಸಡಿಲಿಕೆ, 950ರಿಂದ 1050ರ ನಡುವೆ ಎಷ್ಟಿದ್ದರೂ ಸರಿ. ಸಾಮರ್ಥ್ಯ 12.1 × 0.0122 = 0.148 ವ್ಯಾಟ್, ಕಾಲು ವ್ಯಾಟಿನೊಳಗೇ ಇದೆ.

ಅದೇ 12 ವೋಲ್ಟನ್ನು ಕಾಲು ವ್ಯಾಟಿನ 100 ಓಮ್ ರೆಸಿಸ್ಟರಿಗೆ ಕೊಟ್ಟರೆ 0.12 ಆಂಪ್, 1.44 ವ್ಯಾಟ್. ತಡೆಯಬಲ್ಲದ್ದಕ್ಕಿಂತ ಸುಮಾರು ಆರು ಪಟ್ಟು. ಹೊಗೆ ಬರುತ್ತದೆ, ಪಟ್ಟಿಗಳ ಬಣ್ಣ ಕರಕಲಾಗುತ್ತದೆ. ಕಾಲು ವ್ಯಾಟಿನ 100 ಓಮ್‌ಗೆ ಕೊಡಬಹುದಾದ ಗರಿಷ್ಠ ವೋಲ್ಟೇಜ್ ಎಷ್ಟು? 0.25ನ್ನು 100ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ: 5 ವೋಲ್ಟ್. ಅದೂ ಮಿತಿಯ ಅಂಚು. ದಿನವಿಡೀ ಓಡುವ ಸರ್ಕ್ಯೂಟಿನಲ್ಲಿ ಅರ್ಧ ಮಿತಿಗೆ ನಿಲ್ಲಿಸುವುದು ವಾಸಿ.

ಅಗ್ಗದ ಮೀಟರುಗಳ ಒಂದು ಗುಟ್ಟು: 20 ಮಿಲಿಆಂಪ್ ರೇಂಜಿನಲ್ಲಿ ಮೀಟರಿನೊಳಗೇ ಸುಮಾರು 10 ಓಮ್ ರೋಧ ಇರುತ್ತದೆ. 1000 ಓಮ್‌ನ ಜೊತೆಗೆ ಅದು ಶೇ. 1ರ ವ್ಯತ್ಯಾಸ, ಮರೆಯಬಹುದು. ಆದರೆ ಅಳೆಯುವ ರೋಧವೇ ಹತ್ತಿಪ್ಪತ್ತು ಓಮ್ ಇದ್ದರೆ ಮೀಟರ್ ಸೇರಿಸಿದ್ದರಿಂದಲೇ ಕರೆಂಟ್ ಗಣನೀಯವಾಗಿ ಕಡಿಮೆಯಾಗುತ್ತದೆ. ಅಂಥ ಕಡೆ ಎರಡು ಮೀಟರ್ ಇಟ್ಟು, ಕರೆಂಟ್ ಹರಿಯುತ್ತಿರುವಾಗಲೇ ರೆಸಿಸ್ಟರಿನ ತುದಿಗಳ ವೋಲ್ಟೇಜನ್ನೂ ಓದಬೇಕು.

ಕರೆಂಟ್ ಅಳೆದ ಮೇಲೆ ಕೆಂಪು ಪ್ರೋಬನ್ನು ಆಂಪ್ ತೂತಿನಿಂದ ಕಿತ್ತು ವೋಲ್ಟ್ ತೂತಿಗೆ ಹಾಕುವುದು ಅಭ್ಯಾಸವಾಗಲಿ. ಆಂಪ್ ತೂತಿನಲ್ಲಿರುವಾಗ ಮೀಟರ್ ಎಂದರೆ ಬರೀ ವೈರಿನ ತುಂಡು. ಅದನ್ನು ಹಾಗೇ ಒಯ್ದು ಮನೆಯ ಸಾಕೆಟ್ಟಿನ ಎರಡು ತೂತಿಗೆ ಚುಚ್ಚಿದರೆ ನೇರ ಶಾರ್ಟ್. ಸಣ್ಣ ಮೀಟರುಗಳ 10 ಆಂಪ್ ತೂತಿಗೆ ಎಷ್ಟೋ ಸಲ ಫ್ಯೂಸೇ ಇರುವುದಿಲ್ಲ, ಪ್ರೋಬ್ ಕೈಯಲ್ಲೇ ಸಿಡಿಯುತ್ತದೆ.

ಮನೆಯ ಲೈನಿನಲ್ಲಿ: ಗೀಸರ್ ಅಳತೆ

ಇಲ್ಲಿ ಕರೆಂಟಿಗೆ ಕ್ಲ್ಯಾಂಪ್ ಮೀಟರ್ (ವೈರು ಬಿಚ್ಚದೆ, ಅದರ ಸುತ್ತ ದವಡೆ ಹಾಕಿ ಕರೆಂಟ್ ಅಳೆಯುವುದು) ಬಳಸಿ, ಮಲ್ಟಿಮೀಟರನ್ನು ಸರಣಿಯಲ್ಲಿ ಸೇರಿಸುವ ಸಾಹಸ ಬೇಡ. ಕ್ಯಾಟ್ 3, 600 ವೋಲ್ಟ್ ಎಂಬ ಸುರಕ್ಷತಾ ದರ್ಜೆ ಬರೆದಿರುವ ಮೀಟರ್ ಕೊಳ್ಳಿ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಗುರುತಿಲ್ಲದ ಮೀಟರನ್ನು ಮೇನ್ ಬೋರ್ಡಿಗೆ ಹಿಡಿಯುವುದು ಸರಿಯಲ್ಲ.

ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಒಂದೇ ವೈರು ಇರಬೇಕು. ಗೀಸರಿನ ಇಡೀ ಕಾರ್ಡನ್ನು (ಪ್ಲಗ್ಗಿನ ವೈರನ್ನು) ಒಳಗೆ ಹಾಕಿದರೆ ಫೇಸಿನಲ್ಲಿ ಹೋಗುವ ಕರೆಂಟೂ ನ್ಯೂಟ್ರಲ್‌ನಲ್ಲಿ ಬರುವ ಕರೆಂಟೂ ಒಂದನ್ನೊಂದು ಹೊಡೆದುಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ಇದಕ್ಕೆ ಒಂದು ಪರೀಕ್ಷಾ ಕಾರ್ಡ್ ಮಾಡಿಟ್ಟುಕೊಳ್ಳಿ: 2.5 ಸ್ಕ್ವೇರ್ ಎಂಎಂನ ಮೂರು ಕೋರ್ ತಾಮ್ರದ ಕೇಬಲ್ ಒಂದು ಮೀಟರ್, ಒಂದು ತುದಿಗೆ 16 ಆಂಪ್ ಪ್ಲಗ್ಗು, ಇನ್ನೊಂದಕ್ಕೆ ಎರಡು 16 ಆಂಪ್ ಸಾಕೆಟ್ಟಿನ ಪೆಟ್ಟಿಗೆ. ನಡುವೆ ಒಂದು ಗೇಣು ಉದ್ದಕ್ಕೆ ಹೊರಗಿನ ಸಿಪ್ಪೆಯನ್ನಷ್ಟೇ ಉದ್ದುದ್ದ ಸೀಳಿ ಮೂರು ಕೋರನ್ನು ಬಿಡಿಸಿ. ಕೋರಿನ ಮೇಲಿನ ಇನ್ಸುಲೇಷನ್‌ಗೆ ಬ್ಲೇಡ್ ತಾಗಕೂಡದು, ತಾಗಿದರೆ ಆ ತುಂಡನ್ನು ಎಸೆದು ಹೊಸದು ಮಾಡಿ. ಒಂದು ಸಾಕೆಟ್ಟಿಗೆ ಗೀಸರ್, ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳತೆ.

1. ಕೈ, ನೆಲ ಒಣಗಿರಲಿ. ಬಚ್ಚಲಿನ ಒದ್ದೆ ನೆಲದ ಮೇಲೆ ನಿಂತು ಈ ಕೆಲಸ ಮಾಡಬಾರದು.
2. ಗೀಸರ್ ಆಫ್ ಇರುವಾಗ ವೋಲ್ಟೇಜ್ ಬರೆದುಕೊಳ್ಳಿ. 224 ಎನ್ನೋಣ.
3. ಬಿಸಿ ನೀರು ಬಿಟ್ಟು ತಣ್ಣೀರು ತುಂಬಿಸಿ ಗೀಸರ್ ಹಾಕಿ. ನೀರು ಆಗಲೇ ಬಿಸಿಯಾಗಿದ್ದರೆ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತಾನೇ ಆರುವ ಸ್ವಿಚ್) ಕರೆಂಟ್ ಕಡಿದಿರುತ್ತದೆ, ಕರೆಂಟ್ ಸೊನ್ನೆ ಬಂದು ಕಾಯಿಲ್ ಸತ್ತಿದೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.
4. ಎರಡು ನಿಮಿಷ ಬಿಟ್ಟು ಫೇಸ್ ಕೋರಿಗೆ ಕ್ಲ್ಯಾಂಪ್ ಹಾಕಿ: 8.2 ಆಂಪ್. ಅದೇ ಹೊತ್ತಿಗೆ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್: 218.

ಈಗ ಲೆಕ್ಕ. ಕಾಯಿಲ್ ರೋಧ 218 ÷ 8.2 = 26.6 ಓಮ್. ಈ ಕ್ಷಣ ಎಳೆಯುತ್ತಿರುವುದು 218 × 8.2 = 1788 ವ್ಯಾಟ್. ಚೀಟಿಯ 2000ಕ್ಕೆ ಇದನ್ನು ನೇರವಾಗಿ ಹೋಲಿಸಬೇಡಿ, ಚೀಟಿಯ ಸಂಖ್ಯೆ 230 ವೋಲ್ಟಿಗೆ. 230 × 230 ÷ 26.6 = 1989 ವ್ಯಾಟ್. ಕಾಯಿಲ್ ಸರಿಯಾಗಿದೆ. ಹೀಟರ್‌ಗಳಲ್ಲಿ ಚೀಟಿಯ ಸಂಖ್ಯೆಗಿಂತ ಶೇ. 5 ಹೆಚ್ಚು ಅಥವಾ ಶೇ. 10 ಕಡಿಮೆ ಇದ್ದರೆ ಮಾನದಂಡದೊಳಗೇ ಲೆಕ್ಕ, ಅಂದರೆ 1800ರಿಂದ 2100.

ಇದೇ ಅಳತೆಯಿಂದ ಇನ್ನೊಂದು ಸಂಗತಿಯೂ ಸಿಗುತ್ತದೆ. ಗೀಸರ್ ಹಾಕಿದೊಡನೆ ವೋಲ್ಟೇಜ್ 224ರಿಂದ 218ಕ್ಕೆ ಬಿತ್ತು. ಆ 6 ವೋಲ್ಟನ್ನು 8.2ರಿಂದ ಭಾಗಿಸಿದರೆ 0.73 ಓಮ್. ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಸಾಕೆಟ್ಟಿನವರೆಗಿನ ದಾರಿಯ ರೋಧ ಅದು. ದಾರಿಯಲ್ಲಿ ಪೋಲಾಗುತ್ತಿರುವುದು 6 × 8.2 = 49 ವ್ಯಾಟ್. ಬೀದಿಯ ವೋಲ್ಟೇಜ್ ತಾನಾಗಿಯೇ ಏರಿಳಿಯುತ್ತಿರುತ್ತದೆ, ಹಾಗಾಗಿ ಗೀಸರನ್ನು ಮೂರ್ನಾಲ್ಕು ಸಲ ಹಾಕಿ ಆರಿಸಿ ಸರಾಸರಿ ಹಿಡಿಯಿರಿ.

ಕ್ಲ್ಯಾಂಪ್ ಮೀಟರ್ ಇಲ್ಲದವರಿಗೆ ಮನೆಯ ಕರೆಂಟ್ ಮೀಟರೇ ಇದೆ. ಅದರ ಮುಖದ ಮೇಲೆ ಒಂದು ಯೂನಿಟ್ಟಿಗೆ 3200 ಅಥವಾ 1600 ಮಿಣುಕು ಎಂದು ನಮೂದಾಗಿರುತ್ತದೆ, ಪಕ್ಕದಲ್ಲಿ ಕೆಂಪು ದೀಪ ಮಿಣುಕುತ್ತದೆ. ಉಳಿದದ್ದೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗೂ ತೆಗೆದು, ಗೀಸರ್ ಒಂದನ್ನೇ ಹಾಕಿ. ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. 3200ರ ಮೀಟರಾದರೆ 11250ನ್ನು ಆ ಸೆಕೆಂಡಿನಿಂದ ಭಾಗಿಸಿ, 1600ರದ್ದಾದರೆ 22500ನ್ನು. ಹತ್ತು ಮಿಣುಕಿಗೆ 6.3 ಸೆಕೆಂಡ್ ಹಿಡಿದರೆ 1786 ವ್ಯಾಟ್. ವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿದರೆ ಕರೆಂಟ್, ಅಲ್ಲಿಂದ ರೋಧ.

ತಿಂಗಳಿಗೆ ಎಷ್ಟು ಯೂನಿಟ್ ಎನ್ನುವುದು ಸುಲಭ: ವ್ಯಾಟ್ × ಗಂಟೆ ÷ 1000. ಈ ಗೀಸರ್ ದಿನಕ್ಕೆ ಅರ್ಧ ಗಂಟೆ ಓಡಿದರೆ 0.89 ಯೂನಿಟ್, ತಿಂಗಳಿಗೆ ಸುಮಾರು 27. ಗೃಹಜ್ಯೋತಿಯ 200 ಯೂನಿಟ್ ಮೀರದಂತೆ ಲೆಕ್ಕ ಇಡುವವರು ಗಮನಿಸಬೇಕು: ವೋಲ್ಟೇಜ್ ಕಡಿಮೆ ಇದ್ದಾಗ ಗೀಸರ್ ಯೂನಿಟ್ ಉಳಿಸುವುದಿಲ್ಲ. ಅಷ್ಟೇ ನೀರಿಗೆ ಅಷ್ಟೇ ಶಾಖ ಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ.

ಓಮ್ ರೇಂಜ್ ಹೇಳುವುದೂ ಹೇಳದಿರುವುದೂ

ಗೀಸರ್, ಇಸ್ತ್ರಿ ಪೆಟ್ಟಿಗೆಗಳ ಕಾಯಿಲ್ ನಿಕಲ್, ಕ್ರೋಮಿಯಂ ಬೆರೆಸಿದ ನೈಕ್ರೋಮ್‌ನದು. ಬಿಸಿಯಾದರೂ ಅದರ ರೋಧ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಪ್ಲಗ್ಗು ಕಿತ್ತು ಓಮ್ ರೇಂಜಿನಲ್ಲಿ ನೋಡಿದರೂ ಉತ್ತರ ಹತ್ತಿರ ಬರುತ್ತದೆ. ಹಳೆಯ ಬಲ್ಬು ಹಾಗಲ್ಲ. 100 ವ್ಯಾಟಿನ ಬಲ್ಬ್ ಉರಿಯುವಾಗ ರೋಧ 230 × 230 ÷ 100 = 529 ಓಮ್. ಅದೇ ಬಲ್ಬನ್ನು ತಣ್ಣಗಿರುವಾಗ ಅಳೆದರೆ 40 ಓಮ್ ಆಸುಪಾಸು. ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ದಾಟಿ ಕಾದಾಗ ಅದರ ರೋಧ ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಸ್ವಿಚ್ ಹಾಕಿದ ಆ ಕ್ಷಣಕ್ಕೆ ಐದು ಆಂಪ್‌ಗೂ ಹೆಚ್ಚು ನುಗ್ಗುತ್ತದೆ, ಅದಕ್ಕೇ ಬಲ್ಬುಗಳು ಹೆಚ್ಚಾಗಿ ಹಾಕಿದೊಡನೆ ಹೋಗುವುದು.

ಇನ್ನೂ ಮುಖ್ಯವಾದದ್ದು ಸಡಿಲ ಜಾಯಿಂಟು. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಒಂದನ್ನು ತೆಗೆದುಕೊಳ್ಳೋಣ. ಅದರ ಕಾಯಿಲ್ 17.6 ಓಮ್. ಮೇನ್ ಬೋರ್ಡಿನಲ್ಲಿ 222 ವೋಲ್ಟ್, ಗೀಸರಿನ ತುದಿಯಲ್ಲಿ 216, ಕರೆಂಟ್ 12.3 ಆಂಪ್. (ಬೋರ್ಡು ಬಿಚ್ಚಿ ಅಳೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು.) ನಡುವೆ ಕಳೆದುಹೋದದ್ದು 6 ವೋಲ್ಟ್, ಅಂದರೆ 0.49 ಓಮ್. ಇದರಲ್ಲಿ ವೈರಿನ ಪಾಲು ಎಷ್ಟು? 2.5 ಸ್ಕ್ವೇರ್ ಎಂಎಂ ತಾಮ್ರದ ಎಳೆವೈರಿನ ರೋಧ ಕಿಲೋಮೀಟರಿಗೆ 7.98 ಓಮ್. ಬೋರ್ಡಿನಿಂದ ಬಚ್ಚಲಿಗೆ 12 ಮೀಟರ್, ಹೋಗಿ ಬರುವ ದಾರಿ ಸೇರಿ 24 ಮೀಟರ್: 0.19 ಓಮ್. ಉಳಿದ 0.30 ಓಮ್ ಎಲ್ಲೋ ಒಂದು ಸ್ಕ್ರೂ, ಸ್ವಿಚ್ಚು ಅಥವಾ ಪ್ಲಗ್ಗಿನ ಕಾಲಿನಲ್ಲಿ ಅಡಗಿದೆ. ಅಲ್ಲಿ ಹುಟ್ಟುವ ಶಾಖ 12.3 × 12.3 × 0.30 = 45 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತದೆ, ಇದು ಅದಕ್ಕಿಂತ ಹೆಚ್ಚು, ಅದೂ ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ. ಕಾದಷ್ಟೂ ಹಿತ್ತಾಳೆಯ ಮೇಲೆ ಆಕ್ಸೈಡ್ ಕಟ್ಟುತ್ತದೆ, ಸಾಕೆಟ್ಟಿನ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ರೋಧ ಇನ್ನೂ ಏರುತ್ತದೆ. ಪ್ಲಗ್ಗಿನ ಒಂದು ಕಾಲು ಮಾತ್ರ ಕಂದಾಗಿ, ಇನ್ನೆರಡು ಹೊಳೆಯುತ್ತಿದ್ದರೆ ಜಾಗ ಸಿಕ್ಕಿತೆಂದೇ ಲೆಕ್ಕ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಬೋರ್ಡಿನ ಸ್ವಿಚ್) ಇದನ್ನು ಹಿಡಿಯುವುದಿಲ್ಲ, ಕರೆಂಟ್ ಹೆಚ್ಚಾಗಿಲ್ಲವಲ್ಲ.

ಇದನ್ನು ಓಮ್ ರೇಂಜಿನಲ್ಲಿ ಹುಡುಕಲು ಹೋದರೆ ಪ್ರೋಬ್ ವೈರುಗಳದೇ 0.2, 0.3 ಓಮ್ ಇರುತ್ತದೆ, ತಪ್ಪು ಅದರಡಿ ಮುಚ್ಚಿಹೋಗುತ್ತದೆ. ಲೋಡ್ ಹಾಕಿ ವೋಲ್ಟೇಜ್ ಎಲ್ಲಿ ಬೀಳುತ್ತದೆ ಎಂದು ನೋಡುವುದೊಂದೇ ದಾರಿ.

ಇನ್ನು 6 ಆಂಪ್ ಸಾಕೆಟ್ಟಿನ ಮಿತಿ 6 × 230 = 1380 ವ್ಯಾಟ್. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಗೆ ಸಾಕು, 4.35 ಆಂಪ್. 1500 ವ್ಯಾಟಿನ ನೀರು ಕಾಯಿಸುವ ರಾಡ್ 6.5 ಆಂಪ್ ಎಳೆಯುತ್ತದೆ, ಅದಕ್ಕೆ 16 ಆಂಪ್ ಸಾಕೆಟ್ಟೇ ಬೇಕು. ಸಣ್ಣ ಪ್ಲಗ್ಗು ಹಾಕಿ, ಕನ್ವರ್ಷನ್ ಪ್ಲಗ್ಗು ಸೇರಿಸಿ ನಡೆಸುವುದು ಬೇಡ.

ಈ ಸೂತ್ರ ಒಪ್ಪದ ಕಡೆ: ಎಲ್‌ಇಡಿ ಮತ್ತು ಮೋಟರ್

ಎಸಿಯಲ್ಲಿ ವೋಲ್ಟೇಜ್ × ಕರೆಂಟ್ = ವ್ಯಾಟ್ ಎನ್ನುವುದು ಕಾಯಿಲ್ ಇರುವ ಹೀಟರುಗಳಿಗೆ, ಹಳೆಯ ಬಲ್ಬಿಗೆ ಸರಿ. 9 ವ್ಯಾಟಿನ ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ 230 ವೋಲ್ಟ್, 0.075 ಆಂಪ್ ಕಂಡರೆ ಗುಣಲಬ್ಧ 17 ಬರುತ್ತದೆ. ಅದು ವ್ಯಾಟ್ ಅಲ್ಲ, ವೋಲ್ಟ್‌ಆಂಪ್. ನಿಜವಾದ ವ್ಯಾಟ್ ಬೇಕಾದರೆ ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು (ವೋಲ್ಟ್‌ಆಂಪಿನಲ್ಲಿ ಎಷ್ಟು ಪಾಲು ನಿಜವಾದ ವ್ಯಾಟ್ ಎಂದು ಹೇಳುವ ಸಂಖ್ಯೆ ಅದು), ಇಲ್ಲಿ 0.53. ಮನೆ ಮೀಟರ್ ಯೂನಿಟ್ ಎಣಿಸುವುದು ವ್ಯಾಟ್ ಮೇಲೆ. ಇಂಥ ಸಣ್ಣ ಲೋಡಿಗೆ ಕ್ಲ್ಯಾಂಪ್ ಮೀಟರ್ ನಂಬಬೇಡಿ. ವ್ಯಾಟ್ ನೇರವಾಗಿ ತೋರಿಸುವ ಪ್ಲಗ್ ಮೀಟರ್ ಒಳ್ಳೆಯದು.

ತೋಟದ ಮೂರು ಫೇಸ್ ಮೋಟರಿಗೆ ಸೂತ್ರ ಹೀಗೆ: ವ್ಯಾಟ್ = 1.732 × ಎರಡು ಫೇಸಿನ ನಡುವಿನ ವೋಲ್ಟೇಜ್ × ಒಂದು ಲೈನಿನ ಕರೆಂಟ್ × ಪವರ್ ಫ್ಯಾಕ್ಟರ್. 5 ಎಚ್‌ಪಿ ಮೊನೊಬ್ಲಾಕ್ ಪಂಪಿನಲ್ಲಿ 400 ವೋಲ್ಟ್, 8 ಆಂಪ್, ಪವರ್ ಫ್ಯಾಕ್ಟರ್ 0.82 ಇದ್ದರೆ 4545 ವ್ಯಾಟ್, ಗಂಟೆಗೆ ನಾಲ್ಕೂವರೆ ಯೂನಿಟ್. 5 ಎಚ್‌ಪಿ ಎಂದರೆ 5 × 746 = 3730 ವ್ಯಾಟ್ ಅಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಅದು ಶಾಫ್ಟಿನಲ್ಲಿ ಹೊರಬರುವ ಲೆಕ್ಕ. ಉಳಿದದ್ದು ಮೋಟರಿನೊಳಗೇ ಶಾಖವಾಗಿ ಹೋಗುತ್ತದೆ.

ಓಡುತ್ತಿರುವ ಮೋಟರಿನ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ವೈಂಡಿಂಗ್ (ಒಳಗಿನ ತಂತಿ ಸುತ್ತು) ರೋಧ ಸಿಗುವುದಿಲ್ಲ. 400 ÷ 8 = 50 ಓಮ್ ಎನ್ನುತ್ತದೆ ಲೆಕ್ಕ, ವೈಂಡಿಂಗಿನದು ಕೆಲವೇ ಓಮ್ ಇರುತ್ತದೆ. ರೋಟರ್ (ತಿರುಗುವ ಭಾಗ) ವೇಗದಲ್ಲಿ ತಿರುಗುತ್ತಿರುವಾಗ ಸ್ಟೇಟರಿನ (ತಿರುಗದ ಹೊರಭಾಗದ) ವೈಂಡಿಂಗಿನಲ್ಲಿ ಕಾಂತಕ್ಷೇತ್ರ ಎದುರು ವೋಲ್ಟೇಜ್ ಹುಟ್ಟಿಸುವುದರಿಂದ ಕರೆಂಟ್ ಹತೋಟಿಯಲ್ಲಿರುತ್ತದೆ. ಸ್ಟಾರ್ಟ್ ಆಗುವಾಗ ರೋಟರ್ ನಿಂತಿರುತ್ತದೆ, ಅದಕ್ಕೇ ಆಗ ಐದಾರು ಪಟ್ಟು ಕರೆಂಟ್. ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಜಾಮ್ ಆಗಿ ತಿರುಗದೆ ನಿಂತರೆ ಆ ಐದಾರು ಪಟ್ಟು ಹಾಗೇ ಉಳಿದು ವೈಂಡಿಂಗ್ ಸುಡುತ್ತದೆ.

ವೋಲ್ಟೇಜ್ ಇಳಿದಾಗ ಹೀಟರ್ ಕಡಿಮೆ ಕರೆಂಟ್ ಎಳೆದರೆ ಮೋಟರ್ ಹೆಚ್ಚು ಎಳೆಯುತ್ತದೆ, ಎತ್ತಬೇಕಾದ ನೀರು ಅಷ್ಟೇ ಇದೆಯಲ್ಲ. ಕರೆಂಟ್ ಶೇ. 20 ಏರಿದರೆ ವೈಂಡಿಂಗಿನ ಶಾಖ 1.2 × 1.2 = 1.44, ಶೇ. 44 ಹೆಚ್ಚು. ಕಡಿಮೆ ವೋಲ್ಟೇಜಿನಲ್ಲಿ ಪಂಪ್‌ಸೆಟ್ ಸುಡುವುದು ಹೀಗೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು (ಕರೆಂಟ್ ಮಿತಿ ಮೀರಿದರೆ ಮೋಟರ್ ಆರಿಸುವ ಭಾಗ) ಮೋಟರಿನ ಚೀಟಿಯಲ್ಲಿರುವ ಆಂಪ್‌ಗೆ ಹೊಂದಿಸಿಡಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸಿಟ್ಟರೆ ರೀವೈಂಡಿಂಗ್ ಖರ್ಚು ಖಚಿತ.

ಕೇಬಲ್ ಲೆಕ್ಕವೂ ಇದೇ ಜಾಡಿನದು. ಸ್ಟಾರ್ಟರಿನಿಂದ ಮೋಟರಿಗೆ 200 ಮೀಟರ್, 4 ಸ್ಕ್ವೇರ್ ಎಂಎಂ ತಾಮ್ರ ಎನ್ನಿ. ಕಿಲೋಮೀಟರಿಗೆ 4.95 ಓಮ್, ಹಾಗಾಗಿ ಒಂದೊಂದು ಕೋರಿಗೆ 0.99. ಮೂರು ಕೋರಿನಲ್ಲಿ ಪೋಲು 3 × 8 × 8 × 0.99 = 190 ವ್ಯಾಟ್. 2.5 ಸ್ಕ್ವೇರ್ ಎಂಎಂ ಎಳೆದಿದ್ದರೆ ಒಂದು ಕೋರಿಗೆ 1.6 ಓಮ್, ಪೋಲು 306 ವ್ಯಾಟ್, ಮೋಟರಿಗೆ ತಲುಪುವ ವೋಲ್ಟೇಜೂ ಸುಮಾರು 18 ಕಡಿಮೆ.

ಮೋಟರಿನ ಮಟ್ಟಿಗೆ ಓಮ್ ರೇಂಜ್ ಉಪಯೋಗಕ್ಕೆ ಬರುವುದು ಹೋಲಿಕೆಗೆ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ವೈರು ಬಿಚ್ಚಿ. ಮೊದಲು ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ಬರುವ ಸಂಖ್ಯೆಯನ್ನು ಬರೆದುಕೊಂಡು ಪ್ರತಿ ಅಳತೆಯಿಂದ ಕಳೆಯಿರಿ. ಸ್ಟಾರ್ ಡೆಲ್ಟಾ ಮೋಟರಾಗಿ ಆರು ವೈರು ಹೊರಬಂದಿದ್ದರೆ ಒಂದೊಂದು ವೈಂಡಿಂಗಿನ ಎರಡು ತುದಿಗೆ, ಮೂರೇ ವೈರಿದ್ದರೆ ಒಂದೊಂದು ಜೋಡಿಗೆ ಅಳೆಯಬೇಕು. ಮೂರು ಅಳತೆಯೂ ಸಮ ಇರಬೇಕು. ಮೂರು ವೈರಿನ ಮೋಟರಿನಲ್ಲಿ ಒಂದು ವೈರು ಸೇರಿರುವ ಎರಡೂ ಜೋಡಿ ಹೆಚ್ಚು ತೋರಿಸಿದರೆ ಆ ವೈರಿನ ಜಾಯಿಂಟು ನೋಡಿ, ಬೋರ್‌ವೆಲ್‌ನಲ್ಲಿ ಅದು ಸಾಮಾನ್ಯವಾಗಿ ನೀರಿನೊಳಗಿನ ಕೇಬಲ್ ಜಾಯಿಂಟು. ಯಾವುದಾದರೂ ಜೋಡಿ ಉಳಿದವಕ್ಕಿಂತ ಕಡಿಮೆ ಬಂದರೆ ವೈಂಡಿಂಗಿನ ಸುತ್ತುಗಳು ಒಳಗೇ ಕೂಡಿಕೊಂಡಿರುವ ಅನುಮಾನ. ಮೋಟರಿನ ಹೊರಮೈಗೆ ಕರೆಂಟ್ ಸೋರುತ್ತಿದೆಯೇ ಎಂಬುದನ್ನು ಮಾತ್ರ ಮಲ್ಟಿಮೀಟರಿನಲ್ಲಿ ತೀರ್ಮಾನಿಸಬೇಡಿ. ಅದರೊಳಗಿನ 9 ವೋಲ್ಟ್ ಬ್ಯಾಟರಿಗೆ ಕಾಣದ ಸೋರಿಕೆ 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್‌ನಲ್ಲಿ ಕಾಣುತ್ತದೆ.